ಜಪಾನಿ ಪಾಸ್‌ಪೋರ್ಟ್ ಕೈಲಿದೆ, ಆದರೂ ಮಾವನವರಿಗೆ ಅಮೆರಿಕದ ವೀಸಾ ಬೇಕು

ಈ ವಾರದ ಪ್ರಶ್ನೆ ಜಪಾನಿನ ಸೈತಾಮಾದಿಂದ ಬಂದಿದೆ. ಬರೆದವರು ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರ ಉದ್ದವಿತ್ತು, ಮುಖ್ಯ ಭಾಗ ಮಾತ್ರ ಕೊಡುತ್ತಿದ್ದೇನೆ:

"ಮೇಡಂ, ನಾನು ಮೈಸೂರಿನವಳು. ಗಂಡ ಜಪಾನಿನವರು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟೇ, ಆರು ವರ್ಷದ ಮಗಳಿಗೆ ಜಪಾನಿನದು. ಆಗಸ್ಟ್‌ನಲ್ಲಿ ಓಬೋನ್ (ಇಲ್ಲಿನ ಹಿರಿಯರ ಹಬ್ಬ) ರಜೆಗೆ ಅತ್ತೆ ಮಾವನನ್ನೂ ಕರೆದುಕೊಂಡು ಐದು ಜನ ಹವಾಯಿಗೆ ಹೋಗೋಣ ಅಂತಿದ್ದೇವೆ. ಅವರು ಬೇರೆ ಊರಲ್ಲಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ. 'ನಮ್ಮ ಪಾಸ್‌ಪೋರ್ಟ್‌ಗೆ ಎಲ್ಲಾ ದೇಶವೂ ಬಾಗಿಲು ತೆಗೆಯುತ್ತೆ, ಚಿಂತೆ ನಿನ್ನೊಬ್ಬಳದೇ' ಅಂತಾರೆ ಮಾವ. ಅವರು 2011ರ ಕೊನೆಯಲ್ಲಿ ಹವಾಯಿಗೆ ಹೋಗಿದ್ದರು, ಆಮೇಲೆ 2013ರಲ್ಲಿ ಕಂಪನಿ ಕೆಲಸಕ್ಕೆ ಕೆಲವು ತಿಂಗಳು ಇರಾಕಿನ ಬಸ್ರಾದಲ್ಲಿದ್ದರು. ಅದು ಬಿಟ್ಟರೆ ಹೊರದೇಶಕ್ಕೆ ಹೋಗಿಲ್ಲ. ಆಗ ಉಳಿದ ಡಾಲರ್ ನೋಟುಗಳು ಅತ್ತೆಯ ಬೀರುವಿನಲ್ಲಿವೆ. ಹವಾಯಿಯ ಆವತ್ತಿನ ಖರ್ಚಿನ ಲೆಕ್ಕವನ್ನೇ ಮಾವ ಇವತ್ತೂ ಹೇಳುತ್ತಾರೆ. ನನ್ನ ವೀಸಾ ಒಂದನ್ನು ನೋಡಿಕೊಂಡರೆ ಸಾಕಾ? ಹಣ ಎಲ್ಲಿ ಬದಲಿಸಬೇಕು? ಮಾವನಿಗೆ ಬಿಪಿ ಇದೆ, ಕ್ರೆಡಿಟ್ ಕಾರ್ಡಿನ ಇನ್ಶೂರೆನ್ಸ್ ಸಾಕು ಅಂತಾರೆ ಗಂಡ. ಹವಾಯಿ ಆಗದಿದ್ದರೆ ತೈವಾನೋ ಬಾಲಿಯೋ, ಇಲ್ಲಾ ನಮ್ಮೂರಿಗೇ ಕರೆದುಕೊಂಡು ಹೋಗಲಾ? ಮಾವ ಐಕೋಸ್ (ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನ) ಸೇದುತ್ತಾರೆ, ಅದಕ್ಕೇನಾದರೂ ತೊಂದರೆಯಾ?"

ನೀವು ನಿಮ್ಮ ವೀಸಾ ಬಗ್ಗೆ ಚಿಂತೆ ಮಾಡುತ್ತಿದ್ದೀರಿ. ಅದು ಸರಿಯೇ. ಆದರೆ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು 'ಬಸ್ರಾ' ಅನ್ನೋ ಮಾತಿನ ಮೇಲೆ. ನಿಮ್ಮ ಮನೆಯಲ್ಲಿ ಅಮೆರಿಕದ ವೀಸಾ ಬೇಕಾಗಿರುವುದು ನಿಮಗೊಬ್ಬರಿಗೇ ಅಲ್ಲ, ನಿಮ್ಮ ಮಾವನವರಿಗೂ ಬೇಕು.

ವಿಷಯ ಇಷ್ಟು. ಜಪಾನಿನವರು ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗುವುದು 'ವೀಸಾ ವೇವರ್' (ವೀಸಾ ವಿನಾಯಿತಿ) ಅನ್ನೋ ವ್ಯವಸ್ಥೆಯ ಮೇಲೆ. 1988ರಿಂದ ಜಪಾನ್ ಅದರಲ್ಲಿದೆ. ಅದರಡಿ ಹೋಗಲು ಎಸ್ಟಾ ಅನ್ನುವ ಆನ್‌ಲೈನ್ ಅನುಮತಿ ತೆಗೆದುಕೊಳ್ಳಬೇಕು, 90 ದಿನದವರೆಗೆ ಇರಬಹುದು. ಆದರೆ 2015ರ ಕೊನೆಯಲ್ಲಿ ಅಮೆರಿಕ ಒಂದು ಕಾನೂನು ತಂದಿತು. 2011ರ ಮಾರ್ಚ್ 1ರ ನಂತರ ಇರಾಕ್, ಇರಾನ್, ಸಿರಿಯಾ, ಸುಡಾನ್‌ಗೆ ಹೋದವರಿಗೆ ಈ ವೇವರ್ ಇಲ್ಲ. ಆಮೇಲೆ ಲಿಬಿಯಾ, ಸೊಮಾಲಿಯಾ, ಯೆಮೆನ್, ಉತ್ತರ ಕೊರಿಯಾ ಪಟ್ಟಿಗೆ ಸೇರಿದವು. ಕ್ಯೂಬಾಕ್ಕೆ 2021ರ ಜನವರಿ 12ರ ನಂತರ ಹೋದವರಿಗೂ ಅದೇ ಕಥೆ. ಹೋಗಿದ್ದು ಕೆಲಸಕ್ಕೋ ಪ್ರವಾಸಕ್ಕೋ, ಒಂದು ದಿನಕ್ಕೋ ಒಂದು ವರ್ಷಕ್ಕೋ, ಯಾವುದೂ ಲೆಕ್ಕಕ್ಕಿಲ್ಲ. ಸರ್ಕಾರಿ ಕೆಲಸಕ್ಕೆ ಹೋದವರು, ಪತ್ರಕರ್ತರು ಇಂಥವರಿಗೆ ಕೆಲವು ವಿನಾಯಿತಿಗಳಿವೆ. ಅವುಗಳನ್ನು ನಂಬಿಕೊಂಡು ಟಿಕೆಟ್ ಮಾಡಬೇಡಿ.

ಮಾವನವರಿಗೆ ಇದು ಗೊತ್ತಿಲ್ಲದಿರುವುದು ಸಹಜ. 2011ರಲ್ಲಿ ಅವರು ಹೋದಾಗ ಎಸ್ಟಾಗೆ 14 ಡಾಲರ್ ಕಟ್ಟಿ ಆರಾಮಾಗಿ ಹೋಗಿಬಂದಿರುತ್ತಾರೆ. ಈ ಕಾನೂನು ಬಂದಮೇಲೆ ಅವರು ಅಮೆರಿಕದ ಕಡೆ ತಲೆ ಹಾಕಿಲ್ಲ. ಅವರೊಬ್ಬರೇ ಅಲ್ಲ, ಜಪಾನಿನಲ್ಲಿ ಈಗ ಪಾಸ್‌ಪೋರ್ಟ್ ಇಟ್ಟುಕೊಂಡವರೇ ನೂರಕ್ಕೆ ಸುಮಾರು 17 ಜನ. 2019ರಲ್ಲಿ 2 ಕೋಟಿ ಜಪಾನಿಯರು ಹೊರದೇಶಕ್ಕೆ ಹೋಗಿದ್ದರು, 2024ರಲ್ಲಿ ಸುಮಾರು 1.3 ಕೋಟಿ. ಟೋಕಿಯೋದ ಟ್ರಾವೆಲ್ ಏಜೆನ್ಸಿ ಕೌಂಟರಿನಲ್ಲಿ ಕೂತು ನಾನು ನೋಡಿದ ಹಾಗೆ, ತೊಂದರೆಗೆ ಸಿಕ್ಕಿಕೊಳ್ಳುವವರು ಯಾವಾಗಲೂ ಹೊಸಬರಲ್ಲ. 'ನನಗೆ ಗೊತ್ತು, ಹಿಂದೆ ಹೋಗಿದ್ದೇನೆ' ಅನ್ನುವವರೇ ಜಾಸ್ತಿ.

'ಸುಮ್ನೆ ಎಸ್ಟಾದಲ್ಲಿ ಇರಾಕಿಗೆ ಹೋಗಿಲ್ಲ ಅಂತ ಒತ್ತಿಬಿಟ್ಟರಾಯ್ತು, ಯಾರಿಗೆ ಗೊತ್ತಾಗುತ್ತೆ' ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಹಳೆ ಪಾಸ್‌ಪೋರ್ಟ್ ಬದಲಾಗಿರಬಹುದು, ಇರಾಕಿನ ಮುದ್ರೆ ಈಗಿನದರಲ್ಲಿ ಇಲ್ಲದಿರಬಹುದು. ಆದರೆ ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಅಧಿಕಾರಿ 'ಏನು ಕೆಲಸ ಮಾಡುತ್ತಿದ್ದಿರಿ, ಎಲ್ಲೆಲ್ಲಿಗೆ ಹೋಗಿದ್ದಿರಿ' ಅಂತ ಕೇಳಿದರೆ ಆಗ ಎರಡನೇ ಸುಳ್ಳು ಹೇಳಬೇಕು. ಸಿಕ್ಕಿಬಿದ್ದರೆ ಅಲ್ಲಿಂದಲೇ ವಾಪಸ್, ಮುಂದೆ ವೀಸಾ ಕೇಳಿದಾಗಲೂ ಅದು ಬೆನ್ನು ಬಿಡುವುದಿಲ್ಲ. ನಿಜ ಹೇಳಿದರೆ ಆಗುವ ನಷ್ಟ ಇಷ್ಟೇ: ವೀಸಾ ಅರ್ಜಿ ಹಾಕಬೇಕು. ವೇವರ್ ಇಲ್ಲ ಅಂದರೆ ಅಮೆರಿಕಕ್ಕೆ ಬರಬೇಡಿ ಅಂತಲ್ಲ.

ಹಾಗಾಗಿ ನೀವೂ ಮಾವನವರೂ ಒಂದೇ ಸಾಲಿನಲ್ಲಿ ನಿಲ್ಲುತ್ತೀರಿ. ಇಬ್ಬರೂ ಡಿಎಸ್-160 ಅನ್ನುವ ವೀಸಾ ಅರ್ಜಿ ಫಾರ್ಮ್ ತುಂಬಬೇಕು, ತಲಾ 185 ಡಾಲರ್ ಕಟ್ಟಬೇಕು, ಸಂದರ್ಶನಕ್ಕೆ ಹೋಗಬೇಕು. 2025ರಲ್ಲಿ ಪಾಸಾದ ಒಂದು ಕಾನೂನಿನಲ್ಲಿ ವೀಸಾಕ್ಕೆ ಇನ್ನೂ 250 ಡಾಲರ್ ಹೆಚ್ಚುವರಿ ಶುಲ್ಕದ ಮಾತಿದೆ, ಅರ್ಜಿ ಹಾಕುವ ದಿನ ಅದು ಜಾರಿಗೆ ಬಂದಿದೆಯಾ ಅಂತ ನೋಡಿಕೊಳ್ಳಿ. ನೀವು ಭಾರತಕ್ಕೆ ಹೋಗಿ ಅರ್ಜಿ ಹಾಕುವ ಅಗತ್ಯವಿಲ್ಲ. ತಮ್ಮ ದೇಶದಲ್ಲಿ ಅಥವಾ ತಾವು ವಾಸವಿರುವ ದೇಶದಲ್ಲಿ ಅರ್ಜಿ ಹಾಕಬೇಕು ಅನ್ನುವುದು ಈಗಿನ ನಿಯಮ, ನೀವು ವಾಸವಿರುವುದು ಜಪಾನಿನಲ್ಲಿ. ಸಂದರ್ಶನದಲ್ಲಿ ಅವರಿಗೆ ಬೇಕಾಗಿರುವುದು ನೀವು ವಾಪಸ್ ಬರುತ್ತೀರಿ ಅನ್ನುವ ನಂಬಿಕೆ. ರೆಸಿಡೆನ್ಸ್ ಕಾರ್ಡು, ಯಜಮಾನರ ಕೆಲಸದ ಪತ್ರ, ಮಗಳ ಶಾಲೆಯ ವಿವರ, ನಿಮಗೆ ಕೆಲಸವಿದ್ದರೆ ಅದರ ಕಾಗದ ಜೊತೆಗಿಟ್ಟುಕೊಳ್ಳಿ. ಮಾವನವರು ಬಸ್ರಾದಲ್ಲಿ ಯಾವ ಕಂಪನಿಗೆ, ಏನು ಕೆಲಸಕ್ಕೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಇದ್ದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ಹಳೆ ಕಂಪನಿಯಿಂದ ಒಂದು ಪತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಹೆಚ್ಚಿನ ಪರಿಶೀಲನೆಗೆ ಅಂತ ಅರ್ಜಿ ಸ್ವಲ್ಪ ದಿನ ತಡವಾಗಲೂಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಉಳಿದ ಮೂವರಿಗೆ, ಅಂದರೆ ಯಜಮಾನರು, ಅತ್ತೆ, ಮಗಳಿಗೆ, ಎಸ್ಟಾ ಸಾಕು. ಮಗುವಿಗೂ ಬೇರೆಯಾಗಿಯೇ ತೆಗೆಯಬೇಕು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ಶುಲ್ಕ 21 ಡಾಲರಿನಿಂದ 40ಕ್ಕೆ ಏರಿತು. ಎರಡು ವರ್ಷ ನಡೆಯುತ್ತದೆ. ಹೊರಡುವುದಕ್ಕೆ ಕನಿಷ್ಠ 72 ಗಂಟೆ ಮೊದಲು ಮಾಡಿ ಅನ್ನುತ್ತಾರೆ, ನಾನಾದರೆ ಟಿಕೆಟ್‌ಗಿಂತ ಮೊದಲೇ ಮಾಡಿಸುತ್ತೇನೆ. ಹುಡುಕಿದಾಗ ಮೊದಲು ಕಾಣುವುದು ಸರ್ಕಾರದ ಸೈಟೇ ಆಗಿರಬೇಕಿಲ್ಲ. ಜಪಾನಿ ಭಾಷೆಯಲ್ಲೇ ಚೆನ್ನಾಗಿ ಕಾಣುವ ಮಧ್ಯವರ್ತಿ ಸೈಟುಗಳು ಇದಕ್ಕೆ ದುಪ್ಪಟ್ಟು, ಮೂರು ಪಟ್ಟು ಕೀಳುತ್ತವೆ. ವಿಳಾಸದ ಕೊನೆಯಲ್ಲಿ 'ಡಾಟ್ ಗವ್' ಇಲ್ಲದಿದ್ದರೆ ಮುಚ್ಚಿಬಿಡಿ.

ಮಗಳ ಹೆಸರಿನ ಬಗ್ಗೆ ಒಂದು ಮಾತು. ನಿಮ್ಮಂಥ ಕುಟುಂಬಗಳಲ್ಲಿ ಮಕ್ಕಳ ಜಪಾನಿ ಪಾಸ್‌ಪೋರ್ಟಿನಲ್ಲಿ ಎರಡನೇ ಹೆಸರನ್ನೋ ಅಮ್ಮನ ಮನೆತನದ ಹೆಸರನ್ನೋ ಬ್ರಾಕೆಟ್‌ನಲ್ಲಿ ಹಾಕಿಸಿರುತ್ತಾರೆ. ಆ ಬ್ರಾಕೆಟ್‌ನೊಳಗಿನ ಹೆಸರು ಪುಟದ ಕೆಳಗಿನ ಮೆಷಿನ್ ಓದುವ ಎರಡು ಸಾಲಿನಲ್ಲಿ ಇರುವುದಿಲ್ಲ. ಟಿಕೆಟ್, ಎಸ್ಟಾ ಎರಡರಲ್ಲೂ ಆ ಕೆಳಗಿನ ಸಾಲಿನಲ್ಲಿರುವ ಹೆಸರನ್ನೇ ಹಾಕಿ. ಅಲ್ಲಿಲ್ಲದ ಹೆಸರನ್ನು ಟಿಕೆಟ್‌ನಲ್ಲಿ ಸೇರಿಸಿ ಚೆಕ್-ಇನ್ ಕೌಂಟರಿನಲ್ಲಿ ಬೆವರಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು 'ಪಾಸ್‌ಪೋರ್ಟ್ ಆರು ತಿಂಗಳು ಬಾಕಿ ಇರಲೇಬೇಕು' ಅನ್ನುವ ಮಾತು ಅರ್ಧ ನಿಜ. ಜಪಾನಿನವರಿಗೆ ಅಮೆರಿಕದಲ್ಲಿ, ತೈವಾನಿನಲ್ಲಿ ಅಷ್ಟು ಬೇಕಿಲ್ಲ, ಇಂಡೋನೇಷ್ಯಾದಲ್ಲಿ ಬೇಕೇ ಬೇಕು. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ಮಗಳದು ಹುಟ್ಟಿದ ವರ್ಷ ಮಾಡಿಸಿದ್ದಾದರೆ ಈಗಾಗಲೇ ಮುಗಿದಿರಬೇಕು, ನೋಡಿ. 2025ರ ಮಾರ್ಚ್‌ನಿಂದ ಹೊಸ ಮಾದರಿ ಪಾಸ್‌ಪೋರ್ಟ್ ಬಂದಿದೆ, ಮುದ್ರಣ ಬೇರೆ ಕಡೆ ಆಗುವುದರಿಂದ ಕೈಗೆ ಸಿಗಲು ಎರಡು ವಾರವಾದರೂ ಬೇಕು.

ಈಗ ಹಣದ ವಿಷಯ. ಇಲ್ಲಿ ಮಾವನವರ ನೆನಪು ಮೋಸ ಮಾಡುತ್ತಿದೆ. 2011ರ ಅಕ್ಟೋಬರ್‌ನಲ್ಲಿ ಒಂದು ಡಾಲರ್‌ಗೆ ಬರೀ 75 ಯೆನ್ ಇತ್ತು, ಯೆನ್ ಅಷ್ಟು ಗಟ್ಟಿಯಾಗಿದ್ದುದೇ ದಾಖಲೆ. 2024ರ ಜುಲೈನಲ್ಲಿ ಅದೇ ಡಾಲರ್ 161 ಮುಟ್ಟಿತ್ತು. ಅಂದರೆ ಅವರು ಹವಾಯಿ ನೋಡಿದ್ದು ಯೆನ್‌ನ ಬಂಗಾರದ ಕಾಲದಲ್ಲಿ. 2019ರಲ್ಲಿ 15 ಲಕ್ಷಕ್ಕೂ ಹೆಚ್ಚು ಜಪಾನಿಯರು ಹವಾಯಿಗೆ ಹೋಗಿದ್ದರು, 2024ರಲ್ಲಿ ಅದರ ಅರ್ಧವೂ ಇಲ್ಲ. ಕಾರಣ ಕೊರೊನಾ ಒಂದೇ ಅಲ್ಲ, ಈ ಲೆಕ್ಕವೂ ಹೌದು.

ಮನೆಯಲ್ಲಿ ಕೂತು ಹೀಗೆ ಲೆಕ್ಕ ಹಾಕಿ. ಡಾಲರ್‌ಗೆ 150 ಯೆನ್ ಅಂತ ಇಟ್ಟುಕೊಳ್ಳೋಣ. ಹೋಟೆಲ್ ಸೈಟಿನಲ್ಲಿ ರೂಮಿಗೆ 300 ಡಾಲರ್ ಅಂತ ಕಾಣುತ್ತದೆ. ಹೊನೊಲುಲುವಿನ ವೈಕಿಕಿ ಕಡಲತೀರದ ಬಹಳಷ್ಟು ಹೋಟೆಲ್‌ಗಳು ಅದರ ಮೇಲೆ ರೆಸಾರ್ಟ್ ಫೀ ಅಂತ ದಿನಕ್ಕೆ 40–50 ಡಾಲರ್ ಸೇರಿಸುತ್ತವೆ. ಅದರ ಮೇಲೆ ಎಲ್ಲಾ ತೆರಿಗೆ ಸೇರಿ ಸುಮಾರು 18–19 ಪರ್ಸೆಂಟ್. ಒಟ್ಟು 410 ಡಾಲರ್ ಹತ್ತಿರ, ಯೆನ್‌ನಲ್ಲಿ 61,500. ಐದು ಜನಕ್ಕೆ ಎರಡು ರೂಮು, ಐದು ರಾತ್ರಿ ಅಂದರೆ 6 ಲಕ್ಷ 15 ಸಾವಿರ ಯೆನ್, ಬರೀ ಮಲಗುವುದಕ್ಕೆ. ಹೋಟೆಲಿನಲ್ಲಿ ಕೂತು 25 ಡಾಲರ್ ಊಟ ಮಾಡಿದರೆ ತೆರಿಗೆ, 20 ಪರ್ಸೆಂಟ್ ಟಿಪ್ಸ್ ಸೇರಿ 31 ಡಾಲರ್, 4,650 ಯೆನ್ ಆಗುತ್ತದೆ. ಟಿಪ್ಸ್ ಅಭ್ಯಾಸವಿಲ್ಲದ ಜಪಾನಿ ಹಿರಿಯರಿಗೆ ಇದು ಪ್ರತಿ ಊಟಕ್ಕೂ ಒಂದು ಸಂಕಟ. ಕೆಲವು ಹೋಟೆಲ್‌ಗಳು ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸಿರುತ್ತವೆ, ಮತ್ತೆ ಕೊಡುವ ಮೊದಲು ಬಿಲ್ ಓದಿ. ಹನೌಮಾ ಬೇ ಕಡಲತೀರ, ಡೈಮಂಡ್ ಹೆಡ್ ಬೆಟ್ಟ ಎರಡಕ್ಕೂ ಈಗ ಹೊರಗಿನವರು ಮುಂಗಡ ಬುಕ್ಕಿಂಗ್ ಮಾಡಿ ದುಡ್ಡು ಕಟ್ಟಬೇಕು, ಮೊದಲಿನ ಹಾಗೆ ಬೆಳಿಗ್ಗೆ ಎದ್ದು ಹೋದರೆ ಆಗುವುದಿಲ್ಲ.

ವಿಮಾನದ ದರದಲ್ಲಿ ಜನ ಎಡವುವುದು ಇಂಧನದ ಹೆಚ್ಚುವರಿ ಶುಲ್ಕದಲ್ಲಿ. ಜಪಾನ್ ಏರ್‌ಲೈನ್ಸ್, ಆನಾ ಇದನ್ನು ಎರಡು ತಿಂಗಳಿಗೊಮ್ಮೆ ಬದಲಿಸುತ್ತವೆ. ಲೆಕ್ಕಕ್ಕೆ ಬರುವುದು ನೀವು ಹಾರುವ ದಿನವಲ್ಲ, ಟಿಕೆಟ್ ಕೊಂಡ ದಿನ. ಏರುತ್ತದೆ ಅಂತ ಪ್ರಕಟವಾಗಿದ್ದರೆ ಮೊದಲೇ ಕೊಳ್ಳಿ, ಇಳಿಯುತ್ತದೆ ಅಂತಿದ್ದರೆ ತಿಂಗಳು ಬದಲಾಗುವವರೆಗೆ ಕಾಯಿರಿ. ಟೋಕಿಯೋದ ನರಿಟಾ ವಿಮಾನ ನಿಲ್ದಾಣದಿಂದ ಹೊನೊಲುಲುಗೆ ಹೋಗುವ ಜಿಪ್‌ಏರ್‌ನಲ್ಲಿ ಈ ಶುಲ್ಕವೇ ಇಲ್ಲ, ಆದರೆ ಲಗೇಜು, ಊಟ, ಸೀಟು ಎಲ್ಲದಕ್ಕೂ ಬೇರೆ ದುಡ್ಡು. ಐದು ಜನರ ಲಗೇಜು ಸೇರಿಸಿ ಹೋಲಿಸಿ ನೋಡಿ. ಇದಲ್ಲದೆ ಜಪಾನ್ ಬಿಡುವಾಗ ಕಟ್ಟುವ ತೆರಿಗೆ ಟಿಕೆಟ್‌ನಲ್ಲೇ ಸೇರಿರುತ್ತದೆ. 2019ರಲ್ಲಿ 1,000 ಯೆನ್‌ನಿಂದ ಶುರುವಾದದ್ದು, 3,000ಕ್ಕೆ ಏರಿಸುವ ತೀರ್ಮಾನ ಆಗಿದೆ.

ಓಬೋನ್‌ಗೇ ಹೋಗಬೇಕಾ ಅಂತಲೂ ಒಮ್ಮೆ ಕೇಳಿಕೊಳ್ಳಿ. ಆಗಸ್ಟ್ 10ರಿಂದ 16ರವರೆಗೆ ಇಡೀ ಜಪಾನ್ ಒಟ್ಟಿಗೆ ಹೊರಡುತ್ತದೆ, ದರ ಆಕಾಶಕ್ಕೆ. ಸೈತಾಮಾ ಕಡೆ ಶಾಲೆಗಳಿಗೆ ಆಗಸ್ಟ್ ಕೊನೆಯವರೆಗೂ ರಜೆ ಇರುತ್ತದಲ್ವಾ? ಯಜಮಾನರು ವರ್ಷದ ತಮ್ಮ ರಜೆಯಲ್ಲಿ ಐದು ದಿನ ತೆಗೆದು 20ರ ಮೇಲೆ ಹೊರಟರೆ ಅದೇ ಸೀಟು, ಅದೇ ರೂಮು ಬೇರೆ ದರಕ್ಕೆ ಸಿಗುತ್ತದೆ. 2019ರಿಂದ ಕಂಪನಿಗಳು ವರ್ಷಕ್ಕೆ ಕನಿಷ್ಠ ಐದು ದಿನ ಸಂಬಳದ ರಜೆ ಕೊಡಲೇಬೇಕು ಅನ್ನುವ ಕಾನೂನಿದೆ. ಅದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು, ಅದು ಬೇರೆ ಮಾತು.

ಬೀರುವಿನಲ್ಲಿರುವ ಡಾಲರ್ ನೋಟುಗಳು ಅಮೆರಿಕದಲ್ಲಿ ನಡೆಯುತ್ತವೆ. ಅವರ ಹಳೆ ನೋಟು ಯಾವುದೂ ರದ್ದಾಗಿಲ್ಲ. ನಮ್ಮೂರಿನ 2016ರ ಅನುಭವವನ್ನು ಅಲ್ಲಿಗೆ ಹಚ್ಚಬೇಡಿ. ಆದರೆ ಆಗ್ನೇಯ ಏಷ್ಯಾದ ಹಣ ಬದಲಿಸುವ ಅಂಗಡಿಗಳಲ್ಲಿ ಹಳೆ, ಮಡಿಚಿದ, ಗೀಚಿದ ಡಾಲರ್ ಬೇಡ ಅನ್ನುತ್ತಾರೆ. ಅವನ್ನು ಹವಾಯಿಯ ಟಿಪ್ಸ್‌ಗೆ ಇಟ್ಟುಕೊಳ್ಳಿ, ಒಂದು, ಐದು ಡಾಲರಿನ ಚಿಲ್ಲರೆ ನೋಟುಗಳಾದರೆ ಇನ್ನೂ ಅನುಕೂಲ.

ಹೊಸದಾಗಿ ಬದಲಿಸುವುದು ಎಲ್ಲಿ? ಇದಕ್ಕೆ ಒಂದೇ ಉತ್ತರವಿಲ್ಲ. ಡಾಲರ್ ಆದರೆ ಜಪಾನಿನಲ್ಲೇ ಸ್ವಲ್ಪ ತೆಗೆದುಕೊಂಡು ಹೋಗಬಹುದು, ಆದರೂ ಬ್ಯಾಂಕ್ ಕೌಂಟರಿನಲ್ಲಿ ಡಾಲರಿಗೆ ಮೂರು ಯೆನ್‌ನಷ್ಟು ಹೆಚ್ಚು ಹೋಗುತ್ತದೆ. ತೈವಾನ್ ಡಾಲರ್, ಥಾಯ್ ಬಾತ್, ಕೊರಿಯಾದ ವಾನ್ ಇವನ್ನು ಜಪಾನಿನಲ್ಲಿ ಕೊಂಡರೆ ಬಹಳ ನಷ್ಟ. ಯೆನ್ ನೋಟನ್ನೇ ಒಯ್ದು ಅಲ್ಲಿ ಬದಲಿಸಿ. ಹೆಚ್ಚಿನ ಖರ್ಚು ಕಾರ್ಡಿನಲ್ಲಿ ಮಾಡಿ. ಆದರೆ ಕಾರ್ಡೂ ಪುಕ್ಕಟೆಯಲ್ಲ. ಮೊದಲು ಎರಡು ಪರ್ಸೆಂಟ್ ಆಸುಪಾಸಿನಲ್ಲಿದ್ದ ಹೊರದೇಶದ ಶುಲ್ಕವನ್ನು ಜಪಾನಿನ ದೊಡ್ಡ ಕಾರ್ಡ್ ಕಂಪನಿಗಳು ಈಗ ಮೂರೂವರೆಗಿಂತ ಮೇಲಕ್ಕೆ ಒಯ್ದಿವೆ. ಅಂಗಡಿಯ ಮೆಷಿನ್ 'ಯೆನ್‌ನಲ್ಲಿ ಕಟ್ಟುತ್ತೀರಾ, ಡಾಲರಿನಲ್ಲಾ' ಅಂತ ಕೇಳಿದರೆ ಯಾವಾಗಲೂ ಆ ಊರಿನ ಹಣವನ್ನೇ ಒತ್ತಿ. ಯೆನ್ ಅಂತ ಕಂಡಾಗ ಹಿರಿಯರಿಗೆ ಸಮಾಧಾನ ಅನಿಸುತ್ತದೆ, ಆ ಸಮಾಧಾನಕ್ಕೆ ಬೇರೆ ದರ ಹಾಕಿರುತ್ತಾರೆ. ಜಪಾನಿನದೇ ಆದ ಜೆಸಿಬಿ ಕಂಪನಿಯ ಕ್ರೆಡಿಟ್ ಕಾರ್ಡು ಹವಾಯಿ, ಗುವಾಮ್, ತೈವಾನ್, ಕೊರಿಯಾದಲ್ಲಿ ಚೆನ್ನಾಗಿ ನಡೆಯುತ್ತದೆ, ಬೇರೆ ಕಡೆ ಅಷ್ಟು ನೆಚ್ಚಿಕೊಳ್ಳಬೇಡಿ. ವೀಸಾ ಕಂಪನಿಯ ಕಾರ್ಡೋ ಮಾಸ್ಟರ್ ಕಾರ್ಡೋ ಒಂದು ಜೊತೆಗಿರಲಿ. ಅತ್ತೆ ಮಾವನಿಗೆ ತಮ್ಮ ಕಾರ್ಡಿನ ನಾಲ್ಕು ಅಂಕಿಯ ಪಿನ್ ನೆನಪಿದೆಯಾ ಅಂತ ಈಗಲೇ ಕೇಳಿ. ವರ್ಷಾನುಗಟ್ಟಲೆ ಸಹಿ ಹಾಕಿ ಕೆಲಸ ನಡೆಸಿದವರಿಗೆ ಅದು ನೆನಪಿರುವುದಿಲ್ಲ, ಮರೆತಿದ್ದರೆ ಕಾರ್ಡ್ ಕಂಪನಿ ಅದನ್ನು ಅಂಚೆಯಲ್ಲಿ ಕಳಿಸುತ್ತದೆ. ನಗದು ತುಂಬಾ ಒಯ್ಯುವವರಾದರೆ: 10 ಲಕ್ಷ ಯೆನ್‌ಗಿಂತ ಜಾಸ್ತಿ ಇದ್ದರೆ ಜಪಾನಿನ ಕಸ್ಟಮ್ಸ್‌ಗೆ ಹೇಳಬೇಕು, ಅಮೆರಿಕದಲ್ಲಿ ಇಡೀ ಕುಟುಂಬದ್ದು ಸೇರಿ 10,000 ಡಾಲರ್ ದಾಟಿದರೆ ಹೇಳಬೇಕು.

ಇನ್ಶೂರೆನ್ಸ್ ವಿಷಯದಲ್ಲಿ ಯಜಮಾನರ ಮಾತಿಗೆ ನಾನು ಒಪ್ಪುವುದಿಲ್ಲ. ಬಹಳಷ್ಟು ಕಾರ್ಡುಗಳಲ್ಲಿ ಈಗ ಪ್ರವಾಸದ ಖರ್ಚನ್ನು ಅದೇ ಕಾರ್ಡಿನಲ್ಲಿ ಕಟ್ಟಿದರೆ ಮಾತ್ರ ವಿಮೆ ಜಾರಿ. ಕಟ್ಟಿದರೂ ಚಿಕಿತ್ಸೆಗೆ ಸಿಗುವುದು ಎಷ್ಟೋ ಸಾಮಾನ್ಯ ಕಾರ್ಡುಗಳಲ್ಲಿ 20 ಲಕ್ಷ ಯೆನ್ ಆಸುಪಾಸು, ಅಮೆರಿಕದ ಆಸ್ಪತ್ರೆಯಲ್ಲಿ ಅದು ಕೆಲವು ದಿನಕ್ಕೂ ಸಾಲದು. ಕುಟುಂಬಕ್ಕೆ ಅನ್ವಯ ಅಂತ ಬರೆದಿದ್ದರೂ ಸಾಮಾನ್ಯವಾಗಿ ಒಂದೇ ಸಂಸಾರದ ಖರ್ಚಿನಲ್ಲಿರುವವರಿಗೆ. ಬೇರೆ ಊರಿನಲ್ಲಿ ಬೇರೆ ಸಂಸಾರವಾಗಿರುವ ಅತ್ತೆ ಮಾವ ಅದರಲ್ಲಿ ಬರದೇ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲೇ ಇರುವ ಕಾಯಿಲೆಯಿಂದ ಬಂದ ತೊಂದರೆಯನ್ನು ಬಹಳಷ್ಟು ವಿಮೆಗಳು ಕೈಬಿಡುತ್ತವೆ. ಮಾವನವರಿಗೆ ಬೇರೆ ಪ್ರವಾಸ ವಿಮೆ ಮಾಡಿಸಿ, ಮಾಡಿಸುವಾಗ ಬಿಪಿ ಇದೆ ಅಂತ ಹೇಳಿಯೇ ಮಾಡಿಸಿ. ಹಳೆ ಕಾಯಿಲೆ ಉಲ್ಬಣಿಸಿದರೆ ತುರ್ತು ಚಿಕಿತ್ಸೆ ಸೇರಿದೆಯಾ, ಆಸ್ಪತ್ರೆಗೆ ಅವರೇ ನೇರವಾಗಿ ಹಣ ಕಟ್ಟುತ್ತಾರಾ, ಈ ಎರಡು ಪ್ರಶ್ನೆ ಕೇಳಿ.

ಜಪಾನಿನ ಆರೋಗ್ಯ ವಿಮೆಯಿಂದಲೂ ಹೊರದೇಶದ ಚಿಕಿತ್ಸೆಗೆ ದುಡ್ಡು ವಾಪಸ್ ಬರುತ್ತದೆ ಅನ್ನುವುದು ನಿಜ, ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಅದೇ ಚಿಕಿತ್ಸೆ ಜಪಾನಿನಲ್ಲಿ ಆಗಿದ್ದರೆ ಎಷ್ಟಾಗುತ್ತಿತ್ತೋ ಅದರ ಲೆಕ್ಕದಲ್ಲಿ ಕೊಡುತ್ತಾರೆ. ಹೊನೊಲುಲುವಿನ ಬಿಲ್ಲಿಗೆ ಅದು ಎಲ್ಲಿ ಸಾಕಾಗುತ್ತದೆ? ಆದರೂ ವೈದ್ಯರಿಂದ ವಿವರದ ಪತ್ರ, ರಸೀದಿ ತೆಗೆದುಕೊಂಡು ಬನ್ನಿ, ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ಬಿಪಿ ಮಾತ್ರೆಗಳು ಮೂಲ ಪ್ಯಾಕಿನಲ್ಲೇ ಇರಲಿ, ಜೊತೆಗೆ ಡಾಕ್ಟರಿಂದ ಇಂಗ್ಲಿಷಿನಲ್ಲಿ ಒಂದು ಚೀಟಿ.

ಹಾಗಾದರೆ ಈ ಆಗಸ್ಟ್‌ಗೆ ಏನು ಮಾಡಬೇಕು? ಎರಡು ವೀಸಾ ಕೈಗೆ ಬರುವ ಮೊದಲು ಹವಾಯಿ ಪ್ಯಾಕೇಜ್ ಕಾದಿರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಜಪಾನಿನ ಏಜೆನ್ಸಿಗಳ ಸಾಮಾನ್ಯ ನಿಯಮದ ಪ್ರಕಾರ ಜುಲೈ 20ರಿಂದ ಆಗಸ್ಟ್ 31ರೊಳಗೆ ಹೊರಡುವ ಹೊರದೇಶದ ಪ್ಯಾಕೇಜಿಗೆ 40 ದಿನ ಮೊದಲಿಂದಲೇ ರದ್ದತಿ ಶುಲ್ಕ ಶುರು. 30 ದಿನದೊಳಗೆ ಬಂದರೆ 20 ಪರ್ಸೆಂಟ್, ಕೊನೇ ಎರಡು ದಿನದಲ್ಲಿ 50. 'ವೀಸಾ ಸಿಗಲಿಲ್ಲ' ಅನ್ನುವುದು ಇದಕ್ಕೆ ವಿನಾಯಿತಿಯಲ್ಲ. ವೀಸಾ ಅರ್ಜಿ ಈಗಲೇ ಹಾಕಿ, ಹವಾಯಿಯನ್ನು ಮುಂದಿನ ಚಳಿಗಾಲಕ್ಕೋ ಮಗಳ ಮಾರ್ಚ್ ರಜೆಗೋ ಇಟ್ಟುಕೊಳ್ಳಿ. ಜಪಾನಿನವರಿಗಾಗಲಿ ಭಾರತದವರಿಗಾಗಲಿ ಆ ವೀಸಾ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುವುದರಿಂದ ಕಟ್ಟಿದ ದುಡ್ಡು ದಂಡವಾಗುವುದಿಲ್ಲ.

ಆಗಸ್ಟ್‌ಗೆ ನಿಮ್ಮ ಪಟ್ಟಿಯಲ್ಲಿ ಕಾಗದದ ದೃಷ್ಟಿಯಿಂದ ಸುಲಭ ತೈವಾನ್. ಜಪಾನಿನವರಿಗೆ 90 ದಿನ ವೀಸಾ ಇಲ್ಲ. ಬಸ್ರಾದ ಪ್ರಶ್ನೆ ಅಲ್ಲಿ ಬರುವುದಿಲ್ಲ. ನಿಮಗೆ, ಜಪಾನಿನ ರೆಸಿಡೆನ್ಸ್ ಕಾರ್ಡ್ ಇರುವ ಭಾರತೀಯರಿಗೆ, ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಒಂದು ಪ್ರವೇಶ ಪತ್ರ ಸಿಗುತ್ತದೆ, ಅದರಲ್ಲಿ 14 ದಿನ ಇರಬಹುದು. ನಿಮ್ಮ ಪಾಸ್‌ಪೋರ್ಟ್ ಮಾತ್ರ ಆರು ತಿಂಗಳು ಬಾಕಿ ಇರಬೇಕು. ಬಿಸಿಲು ಜೋರು, ಚಂಡಮಾರುತದ ಕಾಲ ಬೇರೆ, ಹಿರಿಯರ ಜೊತೆ ಹೋಗುವಾಗ ಒಂದೆರಡು ದಿನ ಹೆಚ್ಚು ಕಡಿಮೆಯಾಗಲು ಅವಕಾಶ ಇಟ್ಟುಕೊಳ್ಳಿ.

ಆದರೆ ಐಕೋಸ್! ತೈವಾನಿನಲ್ಲಿ 2023ರಿಂದ ಇ-ಸಿಗರೇಟು ಪೂರ್ತಿ ನಿಷೇಧ. ಐಕೋಸ್‌ನಂಥ ಬಿಸಿ ಮಾಡಿ ಸೇದುವ ತಂಬಾಕನ್ನೂ ಪ್ರವಾಸಿಗರು ಒಯ್ಯುವಂತಿಲ್ಲ, ಸಿಕ್ಕರೆ ದಂಡ 50 ಸಾವಿರ ತೈವಾನ್ ಡಾಲರಿನಿಂದ ಶುರು. ಥಾಯ್ಲೆಂಡ್, ಸಿಂಗಾಪುರದಲ್ಲೂ ಬಿಡುವುದಿಲ್ಲ. ಭಾರತದಲ್ಲೂ 2019ರಿಂದ ನಿಷೇಧ. ಜಪಾನಿನಲ್ಲಿ ಇದು ಬೀದಿ ಬೀದಿಯಲ್ಲಿ ಸಿಗುವುದರಿಂದ ತಪ್ಪು ಮಾಡುತ್ತಿದ್ದೇವೆ ಅಂತಲೇ ಅನಿಸದೆ ಜೇಬಿನಲ್ಲಿ ಹಾಕಿಕೊಂಡು ಹೋಗಿಬಿಡುತ್ತಾರೆ. ಮನೆಯಲ್ಲೇ ಬಿಟ್ಟು ಬರಲಿ.

ಬಾಲಿಯಲ್ಲಿ ಆಗಸ್ಟ್ ಒಣ ಹವೆ, ಚೆನ್ನಾಗಿರುತ್ತದೆ. ಅಲ್ಲಿ ತಮಾಷೆ ಏನೆಂದರೆ ಮಾವನ ಪಾಸ್‌ಪೋರ್ಟೂ ನಿಮ್ಮದೂ ಒಂದೇ ಸಮ. ಇಬ್ಬರಿಗೂ ಇಳಿದ ಮೇಲೆ ವೀಸಾ, ತಲಾ 5 ಲಕ್ಷ ರುಪಿಯಾ, 30 ದಿನ. ಅದನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಕೊಂಡರೆ ಸಾಲು ತಪ್ಪುತ್ತದೆ. ಬಾಲಿಯ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ ಬೇರೆ.

ಮೈಸೂರಿಗೆ ಕರೆದುಕೊಂಡು ಹೋಗುವುದು ನನಗೆ ತುಂಬಾ ಇಷ್ಟವಾದ ಯೋಚನೆ, ಖರ್ಚಿನ ದೃಷ್ಟಿಯಿಂದಲೂ. ನರಿಟಾದಿಂದ ಬೆಂಗಳೂರಿಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಇಳಿದ ಮೇಲೆ ವೀಸಾ ಕೊಡುವ ಸೌಲಭ್ಯ ಭಾರತದಲ್ಲಿ ಬಹಳ ಕಡಿಮೆ ದೇಶದವರಿಗೆ ಇದೆ, ಜಪಾನ್ ಅದರಲ್ಲೊಂದು. ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ, ಹೈದರಾಬಾದ್ ಈ ಆರು ವಿಮಾನ ನಿಲ್ದಾಣಗಳಲ್ಲಿ ಮಾತ್ರ, 60 ದಿನದವರೆಗೆ, ಶುಲ್ಕ ತಲಾ 2,000 ರೂಪಾಯಿ. ಆದರೂ ಎಪ್ಪತ್ತು ದಾಟಿದವರನ್ನು ನಿಲ್ಲಿಸುವ ಬದಲು ಮನೆಯಿಂದಲೇ ಇ-ವೀಸಾ ಮಾಡಿಸಿಕೊಂಡು ಬನ್ನಿ. ಮಗಳಿಗೂ ವೀಸಾ ಬೇಕು. ನೀವು ಪ್ರತಿ ವರ್ಷ ಬರುವವರಾದರೆ ಅವಳಿಗೆ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಬಿಡುವುದು ಜಾಣತನ, ಪ್ರತಿ ಸಲದ ಗೋಳು ತಪ್ಪುತ್ತದೆ. ಜಪಾನಿನಲ್ಲಿ ರೂಪಾಯಿ ಹುಡುಕಬೇಡಿ, ಹೊರದೇಶದ ಪ್ರವಾಸಿಗರು ರೂಪಾಯಿ ನೋಟು ತರುವ ಹಾಗಿಲ್ಲ. ಯೆನ್ ತಂದು ಬೆಂಗಳೂರಿನಲ್ಲಿ ಬದಲಿಸಿ. ಆಗಸ್ಟ್ ಮಳೆಗಾಲ, ದಸರಾ ಸಮಯಕ್ಕೆ ಬಂದರೆ ಇನ್ನೂ ಚೆಂದ, ಆದರೆ ಮಗಳಿಗೆ ಆಗ ಶಾಲೆ ಇರುತ್ತದೆ.

ಎಲ್ಲಿಗೇ ಹೋದರೂ ನೀವೊಬ್ಬರು ಮಾಡಬೇಕಾದ ಒಂದು ಕೆಲಸವಿದೆ, ನಿಮ್ಮ ಮನೆಯ ಉಳಿದವರಿಗೆ ಅದು ಹೊಳೆಯುವುದೂ ಇಲ್ಲ. ಜಪಾನ್ ಬಿಡುವಾಗ ವಿದೇಶಿಯರ ನಿರ್ಗಮನ ಚೀಟಿಯಲ್ಲಿ 'ವಿಶೇಷ ಮರುಪ್ರವೇಶ'ದ ಚೌಕಕ್ಕೆ ಟಿಕ್ ಹಾಕಬೇಕು, ರೆಸಿಡೆನ್ಸ್ ಕಾರ್ಡ್ ತೋರಿಸಬೇಕು, ಒಂದು ವರ್ಷದೊಳಗೆ ವಾಪಸ್ ಬರಬೇಕು. ಕಾರ್ಡಿನ ಅವಧಿ ಅದಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಅದೇ ಕೊನೇ ದಿನ. ಟಿಕ್ ಬಿಟ್ಟು ಹೊರಟರೆ ನಿಮ್ಮ ವಾಸದ ಹಕ್ಕೇ ಹೋಗುತ್ತದೆ. ಗಂಡ, ಮಗಳ ಜೊತೆ ಮಾತಾಡುತ್ತಾ ಜಪಾನಿಯರ ಸಾಲಿನಲ್ಲಿ ಹೋಗಿಬಿಡಬೇಡಿ. ವಾಪಸ್ ಬರುವಾಗ ಬೀಫ್ ಜರ್ಕಿ, ಸಾಸೇಜ್ ತರಬೇಡಿ ಅಂತ ಅತ್ತೆ ಮಾವನಿಗೂ ಹೇಳಿ, ಪ್ರಮಾಣಪತ್ರವಿಲ್ಲದ ಮಾಂಸವನ್ನು ಜಪಾನಿನ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳಬಹುದು. ಮಾವಿನ ಹಣ್ಣಿಗೂ ಪ್ರಮಾಣಪತ್ರ ಬೇಕು. ಅಮ್ಮ ಮೈಸೂರಿನಿಂದ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಹಣ್ಣನ್ನು ಅಲ್ಲೇ ತಿಂದು ಬನ್ನಿ.